ಹಳೇ ತುಕ್ಕು ಗಾಡಿಗೆ ಹೊಸ ಪೆಟ್ರೋಲ್ ಫಿಲ್ಟರ್: ಮನೆ ಅಂಗಳದಲ್ಲೇ ಬದಲಾಯಿಸೋದು ಹೇಗೆ?

ಡ್ರಿಪ್ ಹಾಕಿರೋ ರೈತನಿಗೆ ಫಿಲ್ಟರ್ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್‌ವೆಲ್ ನೀರಿನ ಮರಳು ಲ್ಯಾಟರಲ್‌ಗೆ ಹೋದ್ರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತೆ, ಸಾಲಿನ ಕೊನೇ ಗಿಡ ಬಾಡುತ್ತೆ. ಅದಕ್ಕೇ ವಾರಕ್ಕೊಂದು ಸಲ ಡಿಸ್ಕ್ ಬಿಚ್ಚಿ ತೊಳೀತೀವಿ. ಆದ್ರೆ ಅದೇ ತೋಟದ ತರಕಾರಿ ಹೊತ್ತು ಸಂತೆಗೆ ಹೋಗೋ ಗಾಡಿಯಲ್ಲೂ ಇಂಥದ್ದೇ ಒಂದು ಫಿಲ್ಟರ್ ಇದೆ ಅನ್ನೋದು ನಮಗೆ ನೆನಪಾಗೋದು ಗಾಡಿ ನಡುದಾರಿಯಲ್ಲಿ ನಿಂತಾಗ ಮಾತ್ರ.

ಪಾಂಡವಪುರ ತಾಲ್ಲೂಕಿನ ಯಾವ ಊರಿಗೆ ಹೋದರೂ ಹಳೇ ಮಾರುತಿ 800, ಓಮ್ನಿ ಸಿಗುತ್ತವೆ. 800 ತಯಾರಿಕೆ 2014ರಲ್ಲಿ, ಓಮ್ನಿ 2019ರಲ್ಲಿ ನಿಂತುಹೋಯಿತು. ಆದ್ರೂ ಸೊಪ್ಪು, ಟೊಮ್ಯಾಟೊ, ಬೂಸಾ ಮೂಟೆ, ಎಳೆಗರು, ಆಸ್ಪತ್ರೆಗೆ ಹೊರಟ ಅಜ್ಜಿ ಎಲ್ಲರಿಗೂ ಅವೇ ಗತಿ. ನಾನೂ ಸಾವಯವ ತರಕಾರಿ ಸಾಗಿಸೋದು ಇಂಥದ್ದೇ ಒಂದು ಹಳೇ ವ್ಯಾನಿನಲ್ಲಿ. ಅಡಿಯಲ್ಲಿ ತುಕ್ಕು ಹಿಡಿದಿದೆ, ಆದ್ರೆ ಎಂಜಿನ್ ಗಟ್ಟಿ. ಎರಡು ವರ್ಷಕ್ಕೊಮ್ಮೆ ಅದರ ಪೆಟ್ರೋಲ್ ಫಿಲ್ಟರ್ ನಾನೇ ಬದಲಾಯಿಸ್ತೀನಿ. ಈ ವಾರ ಅದನ್ನೇ ಹೇಳ್ತೀನಿ, ಎಲ್ಲಿ ಕೈ ಹಾಕಬಾರದು ಅನ್ನೋದನ್ನೂ ಸೇರಿಸಿ.

ಫಿಲ್ಟರ್ ಕಟ್ಟಿದೆ ಅಂತ ತಿಳಿಯೋದು ಹೇಗೆ?

ಗಾಡಿ ನಿಂತಲ್ಲಿ ಚೆನ್ನಾಗೇ ಓಡುತ್ತೆ. ಖಾಲಿ ಹೋಗುವಾಗಲೂ ತೊಂದರೆ ಕಾಣಲ್ಲ. ಲೋಡ್ ಹಾಕಿಕೊಂಡು ಜಕ್ಕನಹಳ್ಳಿ ದಾಟಿ ಮೇಲುಕೋಟೆ ಬೆಟ್ಟ ಹತ್ತುವಾಗ ಎಳೆಯಲ್ಲ, ಜರ್ಕ್ ಹೊಡೆಯುತ್ತೆ. ಎಕ್ಸಲರೇಟರ್ ತುಳಿದರೂ ಉಸಿರು ಕಟ್ಟಿದ ಹಾಗೆ ಮಾಡುತ್ತೆ. ಐದು ನಿಮಿಷ ನಿಲ್ಲಿಸಿದರೆ ಮತ್ತೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತೆ. ಎಂಪಿಎಫ್‌ಐ ಗಾಡಿಯಾದರೆ ಪಂಪಿನ ಗುಯ್‌ ಅನ್ನೋ ಸದ್ದು ಜಾಸ್ತಿಯಾಗಿರುತ್ತೆ.

ಕಾರಣ ಸರಳ. ಎಂಜಿನ್ನಿಗೆ ಕಡಿಮೆ ಪೆಟ್ರೋಲ್ ಸಾಕಾದಾಗ ಅರ್ಧ ಕಟ್ಟಿದ ಫಿಲ್ಟರೂ ಕೊಡುತ್ತೆ. ಜಾಸ್ತಿ ಕೇಳಿದಾಗ ಕೊಡೋಕಾಗಲ್ಲ. ಒಂದು ವಾಲ್ವ್ ತೆರೆದಾಗ ನೀರು ಬಂದು, ಮೂರು ವಾಲ್ವ್ ಒಟ್ಟಿಗೆ ತೆರೆದಾಗ ಪ್ರೆಶರ್ ಬೀಳುತ್ತಲ್ಲ, ಹಾಗೆ.

ಆದ್ರೆ ಪ್ಲಗ್ಗು, ಇಗ್ನಿಷನ್ ಕಾಯಿಲ್, ಏರ್ ಫಿಲ್ಟರ್, ಪಂಪ್ ಕೆಟ್ಟರೂ ಇದೇ ಲಕ್ಷಣ ಬರಬಹುದು. ಮೊದಲು ಏರ್ ಫಿಲ್ಟರ್ ಮತ್ತು ಪ್ಲಗ್ ನೋಡಿ. ಅದು ಸುಲಭದ ಕೆಲಸ, ಬೆಂಕಿಯ ಭಯವೂ ಇಲ್ಲ.

ನಮ್ಮ ಕಡೆ ಇಷ್ಟು ತುಕ್ಕು ಯಾಕೆ?

ಕರಾವಳಿಯ ಉಪ್ಪುಗಾಳಿ ನಮಗಿಲ್ಲ ಅಂತ ಸುಮ್ಮನಿರ್ತೀವಿ. ಆದ್ರೆ ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆ ಕೆಸರು ಗಾಡಿಯ ಅಡಿಗೆ ಮೆತ್ತಿಕೊಂಡರೆ ವಾರಗಟ್ಟಲೆ ಒಣಗಲ್ಲ. ಅದರ ಮೇಲೆ ಯೂರಿಯಾ, ಪೊಟ್ಯಾಷ್ ಮೂಟೆಯಿಂದ ಉದುರಿದ ಪುಡಿ ಬೀಳುತ್ತೆ. ಅದೂ ಒಂದು ಥರ ಉಪ್ಪೇ. ಸಾವಯವದವರೂ ನಗಬೇಕಾಗಿಲ್ಲ. ಕ್ಯಾನಿನಿಂದ ಚೆಲ್ಲಿದ ಜೀವಾಮೃತ, ಒದ್ದೆ ಕೊಟ್ಟಿಗೆ ಗೊಬ್ಬರ ಕೂಡ ತಗಡು ತಿನ್ನುತ್ತವೆ.

ಇದು ಹೊರಗಿನ ತುಕ್ಕು. ಫಿಲ್ಟರ್ ಕಟ್ಟೋದು ಟ್ಯಾಂಕಿನ ಒಳಗಿನ ತುಕ್ಕಿನಿಂದ. ಹಳೇ ಗಾಡಿಗೆ ನೂರು, ಇನ್ನೂರರ ಪೆಟ್ರೋಲ್ ಹಾಕಿಸಿ ಓಡಿಸೋದು ನಮ್ಮ ರೂಢಿ. ಟ್ಯಾಂಕಿನ ಮುಕ್ಕಾಲು ಭಾಗ ಗಾಳಿಯೇ ತುಂಬಿರುತ್ತೆ. ರಾತ್ರಿ ತಣ್ಣಗಾದಾಗ ಆ ಗಾಳಿಯ ತೇವ ಒಳಗೋಡೆಯಲ್ಲಿ ಹನಿಗಟ್ಟಿ ಕೆಳಗಿಳಿಯುತ್ತೆ. ತಗಡಿನ ಟ್ಯಾಂಕಿಗೆ ಅಷ್ಟು ಸಾಕು.

ಇನ್ನೊಂದು ವಿಷಯ ಕಬ್ಬು ಬೆಳೆಗಾರರಿಗೇ ಸಂಬಂಧಿಸಿದ್ದು. ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, ಆಮೇಲೆ ಅದನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಲಾಯಿತು. ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಕಬ್ಬಿನ ರಸ, ಕಾಕಂಬಿಯಿಂದ ಎಥೆನಾಲ್ ಮಾಡೋದ್ರಿಂದ ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಸಿಕ್ಕಿದೆ, ಅದು ನಿಜ. ಆದ್ರೆ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತೆ. ನೀರು ಮಿತಿ ಮೀರಿದರೆ ಎಥೆನಾಲ್ ಸಮೇತ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತೆ. ಹಳೇ ಟ್ಯಾಂಕಿನಲ್ಲಿ ಅಂಟಿಕೊಂಡ ಗಸಿಯನ್ನೂ ಸಡಿಲ ಮಾಡುತ್ತೆ. ಸಡಿಲವಾದದ್ದೆಲ್ಲ ಬಂದು ಸೇರೋದು ಫಿಲ್ಟರಿಗೆ. ಕೆಲವು ಹಳೇ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೂ 2025ರಲ್ಲಿ ಹೇಳಿದೆ. ಕಬ್ಬೂ ನಮ್ಮದೇ, ಟ್ಯಾಂಕೂ ನಮ್ಮದೇ. ಎರಡನ್ನೂ ನೋಡಿಕೊಳ್ಳೋಣ.

ನಿಮ್ಮ ಗಾಡಿಯದ್ದು ಯಾವ ಥರದ ಫಿಲ್ಟರ್?

ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲ್ ಪೈಪಿನ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇರುತ್ತೆ. ಒಳಗಿನ ಕಾಗದ ಕಂದು ಬಣ್ಣಕ್ಕೆ ತಿರುಗಿದ್ದು ಹೊರಗಿನಿಂದಲೇ ಕಾಣುತ್ತೆ. ಎರಡು ಕ್ಲಾಂಪ್ ಬಿಚ್ಚಿದರೆ ಆಯ್ತು, ಪ್ರೆಶರ್ ಕೂಡ ಕಡಿಮೆ.

ಎಂಪಿಎಫ್‌ಐ ಗಾಡಿಯಾದರೆ ಲೋಹದ ಡಬ್ಬಿ. ಹಲವು ಹಳೇ ಗಾಡಿಗಳಲ್ಲಿ ಅದು ಅಡಿಯಲ್ಲಿ, ಟ್ಯಾಂಕಿನ ಹತ್ತಿರ ಇರುತ್ತೆ. ಅಲ್ಲಿ ಪ್ರೆಶರ್ ಸುಮಾರು 3 ಕೆ.ಜಿ. ನಮ್ಮ ಡ್ರಿಪ್ ಲೈನ್ ಓಡೋದೇ ಒಂದು, ಒಂದೂವರೆ ಕೆ.ಜಿ.ಯಲ್ಲಿ ಅಂದ್ರೆ ಲೆಕ್ಕ ಹಾಕಿಕೊಳ್ಳಿ. ಕೆಲವು ಗಾಡಿಗಳಲ್ಲಿ ಫಿಲ್ಟರ್ ಟ್ಯಾಂಕಿನ ಒಳಗೆ ಪಂಪಿನ ಜೊತೆಗೇ ಇರುತ್ತೆ. ಅದು ಮನೆಯಲ್ಲಿ ಮಾಡೋ ಕೆಲಸವಲ್ಲ. ಗ್ಯಾಸ್ ಕಿಟ್ ಇರೋ ಗಾಡಿಯ ಗ್ಯಾಸ್ ಲೈನನ್ನೂ ಮುಟ್ಟಬೇಡಿ.

ಡ್ರಿಪ್ ಡಿಸ್ಕ್ ಸಾಮಾನ್ಯವಾಗಿ 130 ಮೈಕ್ರಾನ್‌ವರೆಗಿನ ಕಸ ತಡೆಯುತ್ತೆ. ಪೆಟ್ರೋಲ್ ಫಿಲ್ಟರ್ ಅದಕ್ಕಿಂತ ಎಷ್ಟೋ ಪಟ್ಟು ಸಣ್ಣ ಕಣ ಹಿಡಿಯುತ್ತೆ. ಹಾಗಾಗಿ ಇದನ್ನು ತೊಳೆದು, ಊದಿ ಮತ್ತೆ ಹಾಕೋಕೆ ಬರಲ್ಲ. ಹೊಸದನ್ನೇ ಹಾಕಬೇಕು.

ಮೊದಲು ಬೆಂಕಿಯ ಮಾತು

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹಾರಿ ಹೋಗಲ್ಲ, ನೆಲದ ಮೇಲೆ ಹರಿದು ಗುಂಡಿ, ಮೂಲೆಗಳಲ್ಲಿ ನಿಲ್ಲುತ್ತೆ. ನೀವು ಮಲಗಿ ಕೆಲಸ ಮಾಡೋದೂ ಅದೇ ನೆಲದಲ್ಲಿ. ಆದ್ದರಿಂದ ಕೊಟ್ಟಿಗೆ, ಶೆಡ್ಡು ಬೇಡ, ಬಯಲು ಅಂಗಳವೇ ಸರಿ. ಆಲೆಮನೆ, ನೀರೊಲೆ, ದೇವರ ದೀಪ ಇವುಗಳಿಂದ ದೂರ ಇರಿ. ನಮ್ಮನೆಯಲ್ಲಿ ಈ ಕೆಲಸ ಶುರು ಮಾಡೋಕೆ ಮುಂಚೆ ಮೊದಲು ಎತ್ತಿಡೋದು ಅಪ್ಪನ ಬೀಡಿ ಕಟ್ಟು. "ಒಂದ್ ಬೀಡಿಗೆ ಏನಾಯ್ತದ್ಲಾ?" ಅಂತ ಗೊಣಗ್ತಾರೆ. ಗೊಣಗಲಿ ಬಿಡಿ.

ಹತ್ತಿರದಲ್ಲಿ ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್ ಇರಲಿ. ಇಲ್ಲದಿದ್ದರೆ ಕೆಲಸ ಮುಂದಕ್ಕೆ ಹಾಕಿ, ಅದನ್ನು ಮೊದಲು ತನ್ನಿ. ಒಂದು ಬಕೆಟ್ ಒಣ ಮರಳೂ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತೆ. ಸ್ಪ್ರೇ ಮಾಡುವಾಗ ಹಾಕೋ ಕನ್ನಡಕ, ಗ್ಲೌಸ್ ಇಲ್ಲೂ ಬೇಕು. ಒಬ್ಬರೇ ಮಾಡಬೇಡಿ, ಒಬ್ಬರು ಪಕ್ಕದಲ್ಲಿರಲಿ. ಎಂಜಿನ್, ಸೈಲೆನ್ಸರ್ ಪೂರ್ತಿ ಆರಿರಬೇಕು.

ಹಿಂದಿನ ದಿನ

ಫಿಲ್ಟರಿನ ಸುತ್ತ ಮೆತ್ತಿರೋ ಕೆಸರನ್ನು ನೀರು ಹೊಡೆದು ತೊಳೆದು ಒಣಗಲು ಬಿಡಿ. ತುಕ್ಕು ಹಿಡಿದ ನಟ್ಟು, ಬ್ರಾಕೆಟ್ ಸ್ಕ್ರೂಗಳನ್ನು ತಂತಿ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ಡಬ್ಲ್ಯೂಡಿ-40 ಥರದ ಎಣ್ಣೆ ಹೊಡೆಯಿರಿ. ರಾತ್ರಿ ಮತ್ತೊಮ್ಮೆ ಹೊಡೆಯಿರಿ. ತುಕ್ಕಿಗೆ ಬಲಕ್ಕಿಂತ ಸಮಯವೇ ಮದ್ದು. ಬೇರೆ ಕಡೆ ನಟ್ಟು ಬರದಿದ್ದರೆ ಬಿಸಿ ಮಾಡ್ತಾರೆ, ಪೆಟ್ರೋಲ್ ಪೈಪಿನ ಹತ್ತಿರ ಆ ಮಾತೇ ಎತ್ತಬಾರದು.

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರಲಿ. ಫಿಲ್ಟರ್ ತರುವಾಗ ಗಾಡಿಯ ಮಾಡೆಲ್, ವರ್ಷ ಹೇಳಿ. ಹಳೇದರ ಫೋಟೋ ತೋರಿಸಿ. ಹೊಸ ಕ್ಲಾಂಪ್, ತಾಮ್ರದ ವಾಷರ್ ಜೊತೆಗೇ ತನ್ನಿ. ಎಲ್ಲ ಸೇರಿ ಕೆಲವು ನೂರು ರೂಪಾಯಿ ಆಗಬಹುದು.

ಬಿಚ್ಚೋ ದಿನ

1. ಮಟ್ಟಸವಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಮರದ ದಿಮ್ಮಿ ಕೊಡಿ.

2. ಪ್ರೆಶರ್ ಇಳಿಸಿ. ಪೆಟ್ರೋಲ್ ಮುಚ್ಚಳ ಒಮ್ಮೆ ತೆರೆದು ಮುಚ್ಚಿ. ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು ಗಾಡಿ ಸ್ಟಾರ್ಟ್ ಮಾಡಿ. ಪೈಪಿನಲ್ಲಿದ್ದ ಪೆಟ್ರೋಲ್ ಮುಗಿದು ತಾನೇ ಆಫ್ ಆಗುತ್ತೆ. ಇನ್ನೊಂದು ಸಲ ಎರಡು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆಮೇಲೆ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೈಲೆನ್ಸರ್ ಆರೋವರೆಗೆ ಕಾಯಿರಿ.

3. ಎತ್ತಬೇಕಾದರೆ ಜಾಕ್ ಮೇಲೆ ಮಾತ್ರ ನಂಬಿಕೆ ಇಡಬೇಡಿ, ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸೈಜ್ ಕಲ್ಲು ಸೀಳಿಹೋಗುತ್ತವೆ. ಜಾಕ್ ಕೊಡೋ ಜಾಗವನ್ನೇ ತುಕ್ಕು ತಿಂದಿದ್ದರೆ ಗಾಡಿ ಎತ್ತಲೇಬೇಡಿ, ಗುಂಡಿ ಇರೋ ಗ್ಯಾರೇಜಿಗೆ ಹೋಗಿ.

4. ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಯಾವ ಪೈಪ್ ಎಲ್ಲಿತ್ತು, ಬಾಣದ ಗುರುತು ಯಾವ ಕಡೆಗಿತ್ತು ಅಂತ ಆಮೇಲೆ ಗೊತ್ತಾಗಬೇಕು. ಫೋಟೋ ಆದ ಮೇಲೆ ಮೊಬೈಲ್ ದೂರ ಇಡಿ. ಬೆಳಕು ಬೇಕಾದರೆ ಎಲ್‌ಇಡಿ ಹೆಡ್‌ಲೈಟ್ ಮೊದಲೇ ಹೊತ್ತಿಸಿ ಹಣೆಗೆ ಕಟ್ಟಿಕೊಳ್ಳಿ, ವೈರಿಗೆ ನೇತುಹಾಕೋ ಬಲ್ಬ್ ಬೇಡ.

5. ಕೆಳಗೆ ತಟ್ಟೆ ಇಟ್ಟು ಪೈಪ್ ಬಿಚ್ಚಿ. ಜಾಯಿಂಟಿನ ಮೇಲೆ ಬಟ್ಟೆ ಸುತ್ತಿಕೊಳ್ಳಿ, ಉಳಿದ ಪ್ರೆಶರ್ ಚಿಮ್ಮಬಹುದು. ನಟ್ಟು ಇರೋ ಥರದ್ದಾದರೆ ಎರಡು ಸ್ಪ್ಯಾನರ್ ಬೇಕೇ ಬೇಕು. ಒಂದು ಫಿಲ್ಟರಿನ ಕಡೆಯ ಷಟ್ಕೋನವನ್ನು ಅಲ್ಲಾಡದಂತೆ ಹಿಡಿಯೋದಕ್ಕೆ, ಇನ್ನೊಂದು ನಟ್ಟು ತಿರುಗಿಸೋದಕ್ಕೆ. ಒಂದರಲ್ಲೇ ತಿರುಗಿಸಿದರೆ ನಟ್ಟಿನ ಜೊತೆ ತುಕ್ಕು ಹಿಡಿದ ಪೈಪೂ ತಿರುಚಿಕೊಳ್ಳುತ್ತೆ. ಟ್ಯಾಂಕಿನ ಕಡೆಯ ಹೋಸಿಗೆ ಸಿಕ್ಕಿಸಲು ಒಂದು ಶುದ್ಧ ಬೋಲ್ಟ್ ರೆಡಿ ಇರಲಿ, ಪೆಟ್ರೋಲ್ ಸೋರೋದು ನಿಲ್ಲುತ್ತೆ.

6. ಹೊಸ ಫಿಲ್ಟರಿನ ಬಾಣ ಎಂಜಿನ್ ಕಡೆಗೆ ಇರಬೇಕು. ಹಳೇ ವಾಷರ್, ಹಳೇ ಕ್ಲಾಂಪ್ ಮತ್ತೆ ಹಾಕಬೇಡಿ. ನಟ್ಟನ್ನು ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ಬಿಗಿ ಮಾಡಿ.

ಎಲ್ಲಿ ನಿಲ್ಲಿಸಬೇಕು?

ತುಕ್ಕು ಗಾಡಿಯಲ್ಲಿ ಕೆಲಸ ಮಾಡೋಕೆ ಗೊತ್ತಿರಬೇಕಾದ ದೊಡ್ಡ ಪಾಠ ಇದೇ. ನಮ್ಮ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ನನಗೆ ಹೇಳಿದ ಮಾತು: "ನಟ್ಟು ಎರಡು ಕಿತಾ ನೋಡು ತಮ್ಮ, ಬರ್ನಿಲ್ವ, ಬುಟ್ಬುಡು. ಪೈಪ್ ಮುರುದ್ರೆ ಗಾಡಿ ಎಳ್ಕೊಂಡು ನನ್ನತ್ರಾನೇ ಬರ್ಬೇಕಾಯ್ತದೆ."

ಪೈಪ್ ಮುಟ್ಟಿದರೆ ಪದರ ಪದರವಾಗಿ ತುಕ್ಕು ಉದುರುತ್ತಿದ್ದರೆ, ನಟ್ಟಿನ ಮೂಲೆ ಸವೆದು ದುಂಡಗಾಗಿದ್ದರೆ, ಟ್ಯಾಂಕಿನ ತಳದಲ್ಲಿ ಒದ್ದೆ ಕಲೆ ಕಂಡರೆ ಕೈ ತೆಗೆಯಿರಿ. ಆಗ ಫಿಲ್ಟರ್ ಅಲ್ಲ, ಪೈಪು ಅಥವಾ ಟ್ಯಾಂಕೇ ಬದಲಾಗಬೇಕು. ಸೋರುತ್ತಿದ್ದರೆ ಗಾಡಿ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ.

ಇನ್ನೊಂದು ಕಿವಿಮಾತು. ಪೈಪ್ ಬಿರಿದರೆ ತೋಟದಲ್ಲಿರೋ ಡ್ರಿಪ್ ಪೈಪನ್ನೋ ಸ್ಪ್ರೇ ಹೋಸನ್ನೋ ಕತ್ತರಿಸಿ ಹಾಕೋ ಜಾಣತನ ಬೇಡ. ಪೆಟ್ರೋಲಿಗೆ ಅವು ಉಬ್ಬಿ ಮೆತ್ತಗಾಗುತ್ತವೆ. ಎಂಪಿಎಫ್‌ಐ ಪ್ರೆಶರಿಗೆ ಅಂತಲೇ ಮಾಡಿದ ಪೆಟ್ರೋಲ್ ಹೋಸ್ ಬೇರೆ ಇದೆ, ಅದನ್ನೇ ಕೇಳಿ.

ಸೋರಿಕೆ ನೋಡದೆ ಕೆಲಸ ಮುಗಿಯಲ್ಲ

ಚೆಲ್ಲಿದ ಪೆಟ್ರೋಲನ್ನು ಒರೆಸಿ, ವಾಸನೆ ಪೂರ್ತಿ ಹೋಗೋವರೆಗೆ ಕಾಯಿರಿ. ಫ್ಯೂಸ್ ಹಾಕಿ, ಆಮೇಲೆ ಬ್ಯಾಟರಿ ಜೋಡಿಸಿ. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಎರಡು ಮೂರು ಸೆಕೆಂಡ್ ಪಂಪ್ ಓಡಿ ನಿಲ್ಲುತ್ತೆ. ಹೀಗೆ ನಾಲ್ಕು ಸಲ ಮಾಡಿದರೆ ಹೊಸ ಫಿಲ್ಟರ್ ತುಂಬುತ್ತೆ. ಪ್ರತಿ ಜಾಯಿಂಟಿಗೂ ಒಣ ಪೇಪರ್ ಒತ್ತಿ ನೋಡಿ. ಒಂದೇ ಒಂದು ಹನಿ ಅಂಟಿದರೂ ಸ್ಟಾರ್ಟ್ ಮಾಡಬೇಡಿ, ಕೀ ಆಫ್ ಮಾಡಿ, ಪ್ರೆಶರ್ ಇಳಿಸಿ ಮತ್ತೆ ಕೂರಿಸಿ. ಒಣಗಿದ್ದರೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ನೋಡಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೊಮ್ಮೆ ನೋಡಿ.

ಡೀಸೆಲ್ ಪಿಕಪ್, ಟ್ರ್ಯಾಕ್ಟರ್ ಇರೋರು ಗಮನಿಸಿ: ಅಲ್ಲಿ ಫಿಲ್ಟರ್ ಹಾಕಿದ ಮೇಲೆ ಏರ್ ತೆಗೆಯೋ ಕೆಲಸ ಬೇರೆಯೇ ಇದೆ. ಈ ವಿಧಾನ ಪೆಟ್ರೋಲ್ ಗಾಡಿಗೆ ಮಾತ್ರ.

ಹಳೇ ಫಿಲ್ಟರ್ ಎಸೆಯೋ ಮುಂಚೆ

ಅದರಲ್ಲಿ ಉಳಿದ ಪೆಟ್ರೋಲನ್ನು ಟ್ಯಾಂಕಿನ ಕಡೆಯ ಬಾಯಿಂದ ಬಿಳಿ ತಟ್ಟೆಗೆ ಸುರಿದು ನೋಡಿ. ಇದು ನಿಮ್ಮ ಟ್ಯಾಂಕಿನ ಮಣ್ಣು ಪರೀಕ್ಷೆ ಇದ್ದ ಹಾಗೆ. ತಿಳಿಯಾಗಿದ್ದರೆ ಚಿಂತೆಯಿಲ್ಲ. ಕೆಂಪು ಪುಡಿ ಬಂದರೆ ಒಳಗೆ ತುಕ್ಕಿದೆ, ಮುಂದಿನ ಫಿಲ್ಟರನ್ನು ಬೇಗ ಬದಲಾಯಿಸಬೇಕು. ತಳದಲ್ಲಿ ಗುಂಡಗಿನ ಹನಿಗಳು ಉರುಳಾಡಿದರೆ ಅದು ನೀರು, ಟ್ಯಾಂಕ್ ಬಿಚ್ಚಿ ತೊಳೆಸೋ ಕಾಲ ಬಂದಿದೆ.

ಆ ಪೆಟ್ರೋಲನ್ನು ಬದುವಿಗೋ ನಾಲೆಗೋ ಚೆಲ್ಲಬೇಡಿ. ಜೀವಾಮೃತ ಕೊಟ್ಟು ಸಾಕಿದ ಮಣ್ಣಿನ ಜೀವಿಗಳಿಗೆ ಅದು ವಿಷ. ಮುಚ್ಚಳ ಇರೋ ತಗಡಿನ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಡಿ. ಒರೆಸಿದ ಬಟ್ಟೆ ಮುದ್ದೆ ಮಾಡಿಡದೆ ಬಯಲಿನಲ್ಲಿ ಹರಡಿ ಒಣಗಿಸಿ.

ಇನ್ನು ಮುಂದೆ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದ ಹಾಗೆ ನೋಡಿಕೊಳ್ಳಿ. ಗದ್ದೆ ಕೆಲಸ ಮುಗಿದ ಮೇಲೆ ಗಾಡಿಯ ಅಡಿ ತೊಳೆಯಿರಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕಲ್ಲ, ಆಗ ತೋರಿಸೋಕೂ ಅಡಿ ಚೊಕ್ಕವಾಗಿರುತ್ತೆ. ಹೊಸ ಫಿಲ್ಟರಿನ ಮೇಲೆ ಹಾಕಿದ ತಿಂಗಳು, ವರ್ಷ, ಕಿಲೋಮೀಟರ್ ಮಾರ್ಕರಿನಲ್ಲಿ ಬರೆದಿಡಿ. ಮುಂದಿನ ಬದಲಾವಣೆಯ ದಿನವನ್ನು ಮೊಬೈಲ್‌ನಲ್ಲಿ ಈಗಲೇ ರಿಮೈಂಡರ್ ಇಟ್ಟುಕೊಳ್ಳಿ. ಕೊಯ್ಲು ಇಲ್ಲದ ವಾರವನ್ನೇ ಆರಿಸಿ, ಆಗ ಒಂದು ನಟ್ಟು ಹಟ ಹಿಡಿದರೂ ಸೊಪ್ಪು ಬಾಡಲ್ಲ.