ತೋಳಿಲ್ಲದ ಸ್ವೆಟರ್: ಹೆಣೆಯುವ ಮೊದಲು ಎಣಿಸಿರಿ

ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವನಿಗೆ ಹೆಣಿಗೆಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಹೆಣಿಗೆಯಲ್ಲಿ ಕೈಚಳಕ ಎಷ್ಟು ಬೇಕೋ ಲೆಕ್ಕವೂ ಅಷ್ಟೇ ಬೇಕು ಎಂಬುದೇ ಅದಕ್ಕೆ ಉತ್ತರ. ನಮ್ಮ ಭಗಿನಿಯರಲ್ಲಿ ಅನೇಕರು ಸೊಗಸಾಗಿ ಹೆಣೆಯಬಲ್ಲರು. ಆದರೂ ತಿಂಗಳುಗಟ್ಟಲೆ ದುಡಿದು ಮುಗಿಸಿದ ಸ್ವೆಟರ್ ತೊಡುವವರಿಗೆ ಬಿಗಿಯಾಗಿಯೋ ದೊಗಳೆಯಾಗಿಯೋ ಪೆಟ್ಟಿಗೆಯ ತಳ ಸೇರುವುದುಂಟು. ಉಣ್ಣೆಗೆ ಕೊಟ್ಟ ಹಣವೂ ಹೋಯಿತು, ಆ ವರ್ಷದ ಚಳಿಗಾಲವೂ ಹೋಯಿತು. ಒಂದು ಸಂಜೆಯ ಎಣಿಕೆಯಿಂದ ಈ ನಷ್ಟವನ್ನು ತಪ್ಪಿಸಬಹುದು.

ಪುಣೆಯಂಥ ಊರಿಗೆ ತೋಳಿಲ್ಲದ ಸ್ವೆಟರ್ ಹೇಳಿಮಾಡಿಸಿದ ಉಡುಪು. ಡಿಸೆಂಬರ್, ಜನವರಿಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಚಳಿ, ಮಧ್ಯಾಹ್ನ ಬಿಸಿಲು. ಇದನ್ನು ತೊಟ್ಟರೆ ಎದೆ ಬೆನ್ನು ಬೆಚ್ಚಗಿರುತ್ತವೆ, ಕೈಗಳು ಸರಾಗವಾಗಿ ಆಡುತ್ತವೆ. ತೋಳುಗಳನ್ನು ಹೆಣೆದು ಜೋಡಿಸುವ ಶ್ರಮವಿಲ್ಲದ್ದರಿಂದ ಹೊಸದಾಗಿ ಕಲಿಯುವವರಿಗೂ ತಕ್ಕದ್ದು.

ನಮ್ಮ ನಾಡಿನ ಕಂಬಳಿ ನೇಯ್ದದ್ದು. ಅದರಲ್ಲಿ ಹಾಸು, ಹೊಕ್ಕು ಎಂದು ಎರಡು ಬಗೆಯ ನೂಲುಂಟು. ಸ್ವೆಟರಿನಲ್ಲಿ ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಆದುದರಿಂದಲೇ ಎಳೆದರೆ ಅದು ಹಿಗ್ಗುತ್ತದೆ. ಕುಣಿಕೆಯ ಗಾತ್ರವು ನೂಲು, ಕಡ್ಡಿಗಳ ಜೊತೆಗೆ ಹೆಣೆಯುವವರ ಕೈಯ ಬಿಗಿಯನ್ನೂ ಅವಲಂಬಿಸಿದೆ. ಅತ್ತೆಯ ಎಣಿಕೆಯನ್ನು ಸೊಸೆ ಹಾಗೆಯೇ ಅನುಸರಿಸಿದರೆ ಅಳತೆ ಹೊಂದದಿರುವುದು ಇದೇ ಕಾರಣಕ್ಕೆ.

ಮೊದಲು ಮಾಡಬೇಕಾದುದು ಮಾದರಿ ತುಂಡು. ಎಂಟೆಳೆಯ ಉಣ್ಣೆಯನ್ನೂ 8ನೆಯ ನಂಬರಿನ, ಎಂದರೆ 4 ಮಿಲಿಮೀಟರಿನ ಕಡ್ಡಿಗಳನ್ನೂ ತೆಗೆದುಕೊಳ್ಳಿ. ಈ ಹಳೆಯ ಕ್ರಮದಲ್ಲಿ ನಂಬರು ಏರಿದಂತೆ ಕಡ್ಡಿ ಸಪೂರವಾಗುತ್ತದೆ. 30 ಕುಣಿಕೆ ಏರಿಸಿ, ಒಂದು ಸಾಲು ಸೀದಾ, ಮರುಸಾಲು ಉಲ್ಟಾ, ಹೀಗೆ 5 ಅಂಗುಲ ಹೆಣೆಯಿರಿ. ಅದನ್ನು ಒಗೆದು, ಒಣಗಿಸಿ, ನಡುವಿನ 4 ಅಂಗುಲದಲ್ಲಿ ಎಷ್ಟು ಕುಣಿಕೆ ಇವೆಯೆಂದು ಎಣಿಸಿ. 22 ಬಂದರೆ ಅಂಗುಲಕ್ಕೆ ಐದೂವರೆ. ಹೆಚ್ಚು ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಪೂರ ಕಡ್ಡಿ ಹಿಡಿದು ಮತ್ತೊಮ್ಮೆ ನೋಡಿ.

ಈಗ ಲೆಕ್ಕ. ತೊಡುವವರ ಎದೆಸುತ್ತು 36 ಅಂಗುಲವೆನ್ನಿ. ಉಸಿರಾಟಕ್ಕೆ, ಒಳಗಿನ ಅಂಗಿಗೆ 2 ಅಂಗುಲ ಸೇರಿಸಿದರೆ 38. ಬೆನ್ನಿನ ಪಾಲು 19. ಅದನ್ನು ಐದೂವರೆಯಿಂದ ಗುಣಿಸಿದರೆ ನೂರನಾಲ್ಕೂವರೆ. ಅದನ್ನು 104 ಎಂದಿಟ್ಟುಕೊಂಡು, ಹೊಲಿಗೆಯಲ್ಲಿ ಮರೆಯಾಗುವ 2 ಕೂಡಿಸಿದರೆ ಒಟ್ಟು 106 ಕುಣಿಕೆ. ಇದೇ 106ನ್ನು ಅಂಗುಲಕ್ಕೆ 5 ಕುಣಿಕೆ ಬರುವ ಕೈ ಹೆಣೆದರೆ ಸುತ್ತಳತೆ ನಾಲ್ವತ್ತೊಂದೂವರೆ ಅಂಗುಲ ಮೀರುತ್ತದೆ. 6 ಬರುವ ಕೈ ಹೆಣೆದರೆ 35 ಅಂಗುಲವೂ ಆಗದು. ಅರ್ಧ ಕುಣಿಕೆಯ ಅಂತರ ಇಷ್ಟು ದೂರ ಒಯ್ಯುತ್ತದೆ!

ಈ ಅಳತೆಗೆ ಸುಮಾರು 300 ಗ್ರಾಂ ಉಣ್ಣೆ ಬೇಕು. ಒಂದು ಉಂಡೆ ಹೆಚ್ಚಾಗಿಯೇ ಕೊಳ್ಳಿ. ಎಲ್ಲ ಉಂಡೆಗಳ ಚೀಟಿಯಲ್ಲೂ ಬಣ್ಣದ ಲಾಟ್ ನಂಬರು ಒಂದೇ ಇರಲಿ. ಬೇರೆ ಲಾಟಿನ ಬಣ್ಣ ಅಂಗಡಿಯ ದೀಪದಲ್ಲಿ ಹೊಂದಿದಂತೆ ಕಂಡರೂ ಬಿಸಿಲಿನಲ್ಲಿ ಬೇರೆಯಾಗಿ ತೋರಬಹುದು.

ಬೆನ್ನು: 10ನೆಯ ನಂಬರಿನ ಕಡ್ಡಿಗಳಲ್ಲಿ 106 ಕುಣಿಕೆ ಏರಿಸಿ, ಒಂದು ಸೀದಾ ಒಂದು ಉಲ್ಟಾದಂತೆ ಎರಡೂವರೆ ಅಂಗುಲದ ಪಟ್ಟಿ ಹೆಣೆಯಿರಿ. ಬಳಿಕ 8ನೆಯ ನಂಬರಿಗೆ ಬದಲಿಸಿ, ಸೀದಾ ಸಾಲು ಉಲ್ಟಾ ಸಾಲುಗಳಲ್ಲಿ ಬುಡದಿಂದ 15 ಅಂಗುಲದವರೆಗೆ ಹೋಗಿರಿ. ಕಂಕುಳಿಗಾಗಿ ಮುಂದಿನ ಎರಡು ಸಾಲುಗಳ ಆರಂಭದಲ್ಲಿ 7-7 ಕುಣಿಕೆ ಮುಚ್ಚಿ. ಅನಂತರ ಪ್ರತಿ ಸೀದಾ ಸಾಲಿನ ಎರಡೂ ತುದಿಗಳಲ್ಲಿ ಎರಡು ಕುಣಿಕೆ ಕೂಡಿಸಿ ಒಂದು ಮಾಡುತ್ತ 7 ಸಲ ಕುಗ್ಗಿಸಿ. ಉಳಿಯುವುದು 78. ಕಂಕುಳು ಆರಂಭವಾದಲ್ಲಿಂದ 9 ಅಂಗುಲ ಆದಾಗ ಭುಜಕ್ಕೆ 21-21 ಮುಚ್ಚಿ, ಕತ್ತಿನ 36ನ್ನು ಬೇರೆ ದಾರಕ್ಕೆ ಏರಿಸಿಡಿ.

ಮುಂಭಾಗ: ಕಂಕುಳಿನ 7-7 ಮುಚ್ಚುವವರೆಗೂ ಬೆನ್ನಿನಂತೆಯೇ. ಉಳಿದ 92ನ್ನು 46-46ಆಗಿ ಇಬ್ಭಾಗ ಮಾಡಿ, ಒಂದೊಂದೇ ಪಕ್ಕ ಹೆಣೆಯಿರಿ. ಕಂಕುಳ ಕಡೆ ಹಿಂದಿನಂತೆ 7, ಕತ್ತಿನ ಕಡೆ ಮೂರು ಸಾಲಿಗೊಮ್ಮೆ ಒಂದರಂತೆ 18 ಕುಣಿಕೆ ಕುಗ್ಗಿದರೆ ಭುಜಕ್ಕೆ ಸರಿಯಾಗಿ 21 ಉಳಿಯುತ್ತವೆ. ಬೆನ್ನು ಮುಂಭಾಗಗಳ ಎತ್ತರವನ್ನು ಟೇಪಿನಿಂದಲ್ಲ, ಸಾಲು ಎಣಿಸಿ ಸರಿದೂಗಿಸಿ.

ಒಂದು ಭುಜ ಹೊಲಿದು, ಕತ್ತಿನ ಅಂಚಿನಿಂದ ನಾಲ್ಕು ಸಾಲಿಗೆ ಮೂರರಂತೆ ಕುಣಿಕೆ ಎತ್ತಿಕೊಂಡು, ಬೆನ್ನಿನ 36ನ್ನೂ ಸೇರಿಸಿ, ಸಪೂರ ಕಡ್ಡಿಯಲ್ಲಿ ಒಂದಂಗುಲ ಪಟ್ಟಿ ಹೆಣೆಯಿರಿ. ಮುಂದಿನ ಮೂಲೆ ಚೂಪಾಗಿ ಕೂಡಲು ಅದರ ಎರಡೂ ಪಕ್ಕಗಳಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಒಂದೊಂದು ಕುಗ್ಗಿಸಿ. ಸಡಿಲವಾಗಿ ಮುಚ್ಚಿ; ಬಿಗಿಯಾದರೆ ತಲೆ ತೂರದು. ಇನ್ನೊಂದು ಭುಜ ಹೊಲಿದು, ಕಂಕುಳಿಗೂ ಇದೇ ಪಟ್ಟಿ ಕೊಟ್ಟು, ಕೊನೆಗೆ ಪಕ್ಕಗಳನ್ನು ಹೊಲಿಯಿರಿ.

ಬೆನ್ನು ಮುಗಿದೊಡನೆ ತೊಡುವವರ ಮೈಗೆ ಹಿಡಿದು ನೋಡಿ. ಹೊಂದದಿದ್ದರೆ ಬಿಚ್ಚಲು ಹಿಂಜರಿಯಬೇಡಿ. ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ರೇಷನ್ ಇದ್ದಾಗ ಅಲ್ಲಿನ ಗೃಹಿಣಿಯರು ಹಳೆಯ ಸ್ವೆಟರ್ ಬಿಚ್ಚಿ ಅದೇ ನೂಲಿನಿಂದ ಹೊಸದು ಹೆಣೆಯುತ್ತಿದ್ದರು. ಬಿಚ್ಚಿದ ನೂಲನ್ನು ಲಡಿ ಸುತ್ತಿ, ತೊಳೆದು ಒಣಗಿಸಿದರೆ ಅದರ ಸುಕ್ಕು ಬಹುಮಟ್ಟಿಗೆ ಹೋಗುತ್ತದೆ. ಕತ್ತರಿಸಿದ ಬಟ್ಟೆಗೆ ಈ ಭಾಗ್ಯವಿಲ್ಲ. ಮಗುವಿನದಾಗಲಿ ಹಿರಿಯರದಾಗಲಿ, ಅಳತೆ ಯಾವುದಿದ್ದರೂ ಗುಣಾಕಾರ ಇದೇ. ಬದಲಾಗುವುದು ಅಂಕಿಗಳು ಮಾತ್ರ.