ಹಿಮಸ್ಕೂಟರಿನ ಸದ್ದಿಗೆ ಹಿಮ ಕುಸಿಯುತ್ತದೆಯೇ?

ಪ್ರಶ್ನೆ: ಹಿಮದ ಗುಡ್ಡದಲ್ಲಿ ಸ್ಕೂಟರ್ ಓಡಿಸುವವರು ಇಂಜಿನ್ ಸದ್ದಿಗೇ ಹಿಮಕುಸಿತಕ್ಕೆ ಸಿಕ್ಕುತ್ತಾರಂತೆ, ನಿಜವೇ? ಹೂತವರನ್ನು ಹುಡುಕುವುದು ಹೇಗೆ? (ಅರಸೀಕೆರೆಯ ಓದುಗರೊಬ್ಬರು)

ಉತ್ತರ: ಸದ್ದಿಗಲ್ಲ, ಭಾರಕ್ಕೆ. ಹಲಗೆಯ ಮೇಲೆ ಉದುರು ರಾಗಿ ಹರಡಿ, ಅದರ ಮೇಲೊಂದು ಕಲ್ಲುಚಪ್ಪಡಿ ಇಟ್ಟು ಹಲಗೆಯನ್ನು ಓರೆ ಮಾಡಿ ನೋಡಿ. ಚಪ್ಪಡಿ ಸರ್ರನೆ ಜಾರುತ್ತದೆ. ಗಟ್ಟಿ ಹಿಮದಡಿ ಸಡಿಲ ಪದರವಿದ್ದರೆ ಆಗುವುದೂ ಅದೇ. 30ರಿಂದ 45 ಡಿಗ್ರಿ ಇಳಿಜಾರು ಹೆಚ್ಚು ಅಪಾಯ. ಅಲ್ಲಿ ಒಬ್ಬರ ಗಾಡಿ ಹೂತರೆ ಇನ್ನೊಬ್ಬರು ಗಾಡಿ ಸಮೇತ ನೆರವಿಗೆ ಏರುವುದು ದೊಡ್ಡ ತಪ್ಪು.

ಹುಡುಕಲು ಮೂರು ಬೇಕು: ಎಲ್ಲರ ಮೈಮೇಲೆ ಸಂಕೇತ ಕಳಿಸುವ ಪುಟ್ಟ ರೇಡಿಯೊ, ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ. 15 ನಿಮಿಷದೊಳಗೆ ತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಹೆಚ್ಚಿನವರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಪಕ್ಕದ ಸಂಗಾತಿಯೇ ನಿಜವಾದ ರಕ್ಷಣಾದಳ.

ಇದು ನಮಗೆ ದೂರದ ಮಾತೂ ಅಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ನಾಯಿಗಳು, ರಡಾರ್ ಹಿಡಿದು ಹುಡುಕಿದಾಗ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಸುಮಾರು 25 ಅಡಿ ಆಳದಲ್ಲಿ ಜೀವಂತ ಸಿಕ್ಕರು. ಅಪರೂಪದಲ್ಲಿ ಅಪರೂಪ. ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಹತ್ತರಲ್ಲಿ ಸುಬೇದಾರ್ ನಾಗೇಶ ನಿಮ್ಮ ಹಾಸನ ಜಿಲ್ಲೆಯವರೇ, ತೇಜೂರಿನವರು.