ಬಸ್ಸಿನ ಬ್ಲೋವರ್ ರೇಸಿಗಿಳಿದಾಗ

ಮೊಮ್ಮಗನ ಆಟದ ಕಾರಿನ ಬಾನೆಟ್ ಸೀಳಿಕೊಂಡು ಒಂದು ಪೆಟ್ಟಿಗೆ ಮೇಲೆದ್ದಿತ್ತು. "ತಾತ, ಇದೇನು?" ಎಂದ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೇನು ಗೊತ್ತು? ಹುಡುಕಿ ಓದಿದೆ.

ಅದು ಸೂಪರ್‌ಚಾರ್ಜರ್. ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿದರೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಇದರ ವಂಶಾವಳಿ ಕೇಳಿ ಮಕ್ಕಳೇ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಮೊದಲು ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ಆಮೇಲೆ ಬಸ್ಸು, ಲಾರಿಗಳ ಜಿಎಂಸಿ ಡೀಸೆಲ್ ಎಂಜಿನ್ ಸೇರಿತು. ಆ ಟೂ-ಸ್ಟ್ರೋಕ್ ಎಂಜಿನ್ ತಾನಾಗಿ ಉಸಿರೆಳೆದುಕೊಳ್ಳಲಾರದು, ಯಾರಾದರೂ ಊದಲೇಬೇಕು! 6-71 ಎಂದರೆ ಆರು ಸಿಲಿಂಡರ್, ಒಂದೊಂದೂ 71 ಘನ ಅಂಗುಲ.

ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್‌ಗಳನ್ನು ಬಿಚ್ಚಿ ಜೋಡಿಸಿ, ಬತ್ತಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. ಅವರಲ್ಲಿ ಬಾರ್ನಿ ನವಾರೊ ಎಂಬಾತ ಚಿಕ್ಕ 3-71 ಬ್ಲೋವರನ್ನು ಫೋರ್ಡ್ ವಿ-8 ಮೇಲೆ ಕೂರಿಸಿಯೇಬಿಟ್ಟ. ಬೆಲ್ಟಿನಿಂದ ತಿರುಗುವ ಅದು ಎಂಜಿನ್ನಿನ ಶಕ್ತಿಯನ್ನೇ ತಿಂದು, ತಿಂದದ್ದಕ್ಕಿಂತ ಹೆಚ್ಚು ವಾಪಸ್ ಕೊಡುತ್ತದೆ. (ಇಂಥ ಸಾಲಗಾರರು ನನ್ನ ಕೌಂಟರಿಗೆ ಬಂದದ್ದು ಕಡಿಮೆ.) ಪುಲ್ಲಿ ಬದಲಿಸಿದರೆ ಗಾಳಿಯ ಒತ್ತಡ ಏರುತ್ತದೆ, ಅತಿಯಾಸೆಪಟ್ಟರೆ ಪಿಸ್ಟನ್ ಕರಗಿ ತೂತು ಬೀಳುತ್ತದೆ, ಕೂಡಿಟ್ಟ ಕಾಸೆಲ್ಲ ಹೊಗೆ!

ಟಾಮಿ ಐವೊ ಎಂಬ ನಟನಿಗೆ ಇನ್ನೊಂದು ಹುಚ್ಚು. 1960ರ ದಶಕದ ಆರಂಭದಲ್ಲಿ ಒಂದೇ ಗಾಡಿಗೆ ನಾಲ್ಕು ಬ್ಯೂಕ್ ಎಂಜಿನ್ ಕಟ್ಟಿದ. ಒಟ್ಟು 32 ಸಿಲಿಂಡರ್! ಹೊರಟರೆ ನಾಲ್ಕೂ ಚಕ್ರಗಳಲ್ಲಿ ಹೊಗೆ. ಸ್ಪರ್ಧೆಗೆ ಬಿಡಲಿಲ್ಲ, ಪ್ರದರ್ಶನಕ್ಕೆ ಮಾತ್ರ ಎಂದರು. ಜನ ದುಡ್ಡು ಕೊಟ್ಟು ಬಂದು ನೋಡಿದರು.

ಇದನ್ನು ಮೊಮ್ಮಗನಿಗೆ ಹೇಳಿದ್ದೇ ತಪ್ಪಾಯಿತು. ನಮ್ಮ ಅಡುಗೆಮನೆಯಲ್ಲೀಗ ನಾಲ್ಕು ಬೆಂಕಿಪೊಟ್ಟಣ ಕಾಣೆಯಾಗಿವೆ.